ಖಂಡೇನವಮಿಯ ಬೋಟು

ರಾಜಾರಾಮ ಬಾಪುಸಾಹೇಬನ ದ್ರಾಕ್ಷಿ ಚಪ್ಪರದ ಕೆಳಗೆ ತಲೆ ಬಗ್ಗಿಸಿಕೊಂಡು ಓಡುತ್ತಲೇ ಬಂದ. ಅವನು ದಿಗ್ಗೇವಾಡಿಯವನು, ಬಾಪುಸಾಹೇಬನ ಅಕ್ಕ ಚಂದ್ರಮತಿಯ ಪಕ್ಕದ ಮನೆಯವನು. ಸೇತುವೆಯ ರಸ್ತೆ ಮುಳುಗಿದ್ದರಿಂದ ಕುಡಚಿಯಲ್ಲಿ ರೈಲು ಹತ್ತಿ ಕೃಷ್ಣೆ ದಾಟಿ, ಉಗಾರದಲ್ಲಿ ಇಳಿದು, ಸಿಕ್ಕ ಲಾರಿ ಹಿಡಿದು ಕಾಗವಾಡ ಮುಟ್ಟಿದ್ದ.

"ಅಣ್ಣಾರ, ಅಕ್ಕಾರು ನಡುಗಡ್ಡಿ ಮ್ಯಾಲ ಸಿಕ್ಕೊಂಡಾರ್ರಿ! ನಿನ್ನಿ ಎಮ್ಮಿ ಬಿಚ್ಚಾಕಂತ ಕೆಲಸದ ಕಾಳವ್ವನ್ನ ಕರ್ಕೊಂಡು ಹೋಗಿದ್ರು. ಹಿಂದಿಂದನ ನೀರ ಏರಿ ಬಿಡ್ತು. ಎಮ್ಮಿ ಈಜಿ ದಂಡಿಗೆ ಬಂದಾವ. ಮಂದಿ ಇಬ್ರ ಅಲ್ಲೇ ಉಳದಾರ."

"ಅಂಬಿಗರು?"

"ಎರಡ ಸಲ ಹೊಂಟು ತಿರಗಿ ಬಂದ್ರು. ಸೆಳವಿಗಿ ಹುಟ್ಟ ನಿಲ್ಲವಲ್ದು. ಸಂಜಿಗಿ ಮ್ಯಾಲಿನ ಡ್ಯಾಮಿಂದ ಇನ್ನಷ್ಟ ಬಿಡ್ತಾರಂತ. ಬಿಟ್ರ ಗಡ್ಡಿ ಉಳಿಯೂದಿಲ್ರಿ."

ಬಾಪುಸಾಹೇಬ ಶೆಡ್ಡಿನ ಕಡೆ ತಿರುಗಿ ನೋಡಿದ. ಅಲ್ಲಿ ಎರಡು ಗಾಲಿಯ ಟ್ರೇಲರಿನ ಮೇಲೆ ಅವನ ಬೋಟು ಕೂತಿತ್ತು.

ಕೊಲ್ಲಾಪುರದ ಸಾಹೇಬನೊಬ್ಬ ಕೆರೆಯಲ್ಲಿ ಸವಾರಿ ಮಾಡಿ ಮಾಡಿ ಬೇಸತ್ತು ಮಾರಿದ ಬೋಟು ಅದು. ಹಿಂದೆ ತೂಗುಹಾಕಿದ ಮೋಟರು, ಎದುರಿಗೆ ಪುಟ್ಟ ಗಾಜು. ಬಾಪುಸಾಹೇಬ ತಂದಾಗ ಊರೇ ನೋಡಲು ಬಂದಿತ್ತು. ಹೊಳೆಗೆ ಇಳಿದದ್ದು ಮಾತ್ರ ಒಂದೆರಡು ಸಲ. ಆಮೇಲೆ ಅದರೊಳಗೆ ಗಂಧಕದ ಚೀಲ, ತಂತಿಯ ಸುರುಳಿ, ದ್ರಾಕ್ಷಿಗೆ ಔಷಧ ಹೊಡೆಯುವ ಕಾಲು ಪಂಪು ಸೇರಿಕೊಂಡವು. ಹೆಂಡತಿ ಕುಸುಮ ಅದಕ್ಕೆ 'ಬಿಳಿ ಕಪಾಟು' ಎಂದು ಹೆಸರಿಟ್ಟಿದ್ದಳು.

ಆದರೆ ಖಂಡೇನವಮಿಯ ಆಯುಧಪೂಜೆಯ ದಿನ ಅದಕ್ಕೆ ಮರ್ಯಾದೆ ಸಿಗುತ್ತಿತ್ತು. ಟ್ರ್ಯಾಕ್ಟರ್, ಪಂಪ್‌ಸೆಟ್ಟಿನ ಜೊತೆ ಬೋಟಿನ ಮೋಟರಿಗೂ ಕುಂಕುಮ, ಹೂವು. ಕಾಯಿ ಒಡೆದು ಹಗ್ಗ ಜಗ್ಗಿದರೆ ಭರ್ರ್ ಎಂದು ಹೊಗೆ ಬಿಟ್ಟು ಹೊತ್ತಿಕೊಳ್ಳುತ್ತಿತ್ತು. ಒಂದೇ ಜಗ್ಗಿಗೆ! ಬಾಪುಸಾಹೇಬನ ಮೀಸೆ ಕುಣಿಯುತ್ತಿತ್ತು.

"ಧೂಳಪ್ಪಾ, ಟ್ರ್ಯಾಕ್ಟರ್ ತಗೀ!"

ಧೂಳಪ್ಪ ತೋಟದ ಆಳು, ಔಷಧದ ಪಂಪು ತುಳಿದು ತುಳಿದು ಗಟ್ಟಿಯಾದ ಕಾಲಿನವನು. ಚೀಲ, ತಂತಿ ಎತ್ತಿ ಎಸೆದ. ಪಂಪು ಮಾತ್ರ ಮುಂದಿನ ಹಲಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಹೊತ್ತಿರಲಿಲ್ಲ.

ಕುಸುಮ ಊಟದ ಡಬ್ಬಿ ಹಿಡಿದು ಟ್ರ್ಯಾಕ್ಟರ್ ಏರಿಯೇ ಬಿಟ್ಟಳು.

"ನೀ ಎಲ್ಲಿಗೆ?"

"ಅಕ್ಕಾರು ನಿನ್ನಿ ಮಧ್ಯಾಹ್ನ ಉಂಡಾರ. ಹೊತ್ತು ಮುಳುಗಿದ ಮ್ಯಾಲ ಬಾಯಾಗ ನೀರ ಸೈತ ಹಾಕೂದಿಲ್ಲ, ಗೊತ್ತಿಲ್ಲೇನ ನಿಮಗ? ಹೊತ್ತಿರತನಾ ಕರ್ಕೊಂಡ ಬರ್ರಿ. ನಾ ದಂಡಿಮ್ಯಾಲ ಕೂತಿರ್ತೀನಿ."

ಉಗಾರದ ರಸ್ತೆಯಲ್ಲಿ ಅರ್ಧ ದಾರಿ ಬರುವುದರೊಳಗೆ ಸುಟ್ಟ ವಾಸನೆ ಬಂತು. ಟ್ರೇಲರಿನ ಎಡಗಾಲಿ ತೂರಾಡುತ್ತಿತ್ತು. ಬಾಪುಸಾಹೇಬ ಇಳಿದು ಗಾಲಿಯ ನಡುವೆ ಕೈ ಇಟ್ಟು ಚಟ್ಟನೆ ಹಿಂದೆಳೆದುಕೊಂಡ. ವರ್ಷಗಟ್ಟಲೆ ನಿಂತು ಬೇರಿಂಗಿನ ಗ್ರೀಸು ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು.

ಜ್ಯಾಕು ಕೊಟ್ಟರು. ಗಾಲಿ ಬಿಚ್ಚಿದರು. ಸೀಮೆಎಣ್ಣೆಯಲ್ಲಿ ತೊಳೆದರು. ಹೊಸ ಗ್ರೀಸಿಗೆ ಮತ್ತೆ ಕಾಗವಾಡಕ್ಕೇ ಹೋಗಬೇಕಿತ್ತು. ಬದಿಯ ಹೊಲದಲ್ಲಿದ್ದ ಭೀಮಸಿ ಎಂಬ ಗಾಡಿಯವನು ತನ್ನ ಕೀಲೆಣ್ಣೆಯ ಕೊಂಬು ತಂದು ಕೊಟ್ಟ.

"ಎತ್ತಿನ ಗಾಡಿ ಎಣ್ಣಿ ಐತ್ರಿ. ಎತ್ತಿನಂಗ ಹೋಗ್ರಿ, ಕುದುರಿಯಂಗ ಹೋಗಬ್ಯಾಡ್ರಿ!"

ಎತ್ತಿನಂತೆಯೇ ಹೋದರು. ಸ್ವಲ್ಪ ದೂರಕ್ಕೊಮ್ಮೆ ನಿಲ್ಲಿಸುವುದು, ಗಾಲಿ ಮುಟ್ಟುವುದು, ಬಿಸಿಯಾಗಿದ್ದರೆ ನೀರು ಹನಿಸುವುದು. ಹೊಳೆಯ ದಂಡೆ ಕಂಡಾಗ ಬಾಪುಸಾಹೇಬನ ಸೊಂಟ ಆಗಲೇ ಎರಡು ತುಂಡಾದಂತೆ ನೋಯುತ್ತಿತ್ತು. ನಿಜವಾದ ಕೆಲಸ ಇನ್ನೂ ಶುರುವಾಗಿರಲಿಲ್ಲ.

ಎಂಥ ಹೊಳೆ! ಈ ಕಡೆ ಒಂದು ಹನಿ ಮಳೆಯಿಲ್ಲ, ಆಕಾಶದಲ್ಲಿ ಬಿಸಿಲು ಹೊಳೆಯುತ್ತಿದೆ. ಘಟ್ಟದ ಮೇಲೆಲ್ಲೋ ಸುರಿದ ಮಳೆ ಇಲ್ಲಿ ಕೆಂಪು ನೀರಾಗಿ ಹರಿಯುತ್ತಿದೆ. ಕಬ್ಬಿನ ಗದ್ದೆಗಳ ಮೇಲೆ ಎಲೆಯ ತುದಿಗಳಷ್ಟೇ ಅಲುಗುತ್ತಿವೆ. ಬೇರುಸಹಿತ ಕಿತ್ತ ಜಾಲಿಮರ, ಹುಲ್ಲಿನ ಬಣವೆ, ಯಾರದೋ ಮನೆಯ ಬಾಗಿಲು ತಿರುಗುತ್ತ ತಿರುಗುತ್ತ ಸಾಗುತ್ತಿವೆ. ಇವೆಲ್ಲದರ ಆಚೆ, ನಡುಹೊಳೆಯಲ್ಲಿ, ಒಂದು ಬೇವಿನಮರ ಮತ್ತು ಅಂಗೈಯಷ್ಟು ನೆಲ. ಮರದ ಕೆಳಗೆ ಎರಡು ಚುಕ್ಕೆಗಳು.

ಟ್ರೇಲರನ್ನು ನೀರಿಗೆ ಹಿಂದೆ ಸರಿಸಿದರು. ಬೋಟು ತೇಲಿತು. ಬಾಪುಸಾಹೇಬ ಹಗ್ಗ ಜಗ್ಗಿದ. ಭರ್ರ್! ಒಂದೇ ಜಗ್ಗಿಗೆ!

ಮರುಕ್ಷಣ ಅವನ ಮುಖ ಇಳಿಯಿತು. ಮೋಟರಿನ ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಒಳಗೆ ಹೊಳೆಯ ನೀರು ಸುತ್ತಿ ಮೋಟರನ್ನು ತಣ್ಣಗಿಡುತ್ತಿದೆ ಎಂಬುದಕ್ಕೆ ಅದೇ ಗುರುತು. ತೂತು ಒಣಗಿತ್ತು. ಅವನು ತಟ್ಟನೆ ಬಂದ್ ಮಾಡಿದ.

"ಏನಾತ್ರಿ?" ರಾಜಾರಾಮ ಕೇಳಿದ.

"ನೀರ ಎಳಿಯೂ ರಬ್ಬರ್ ಚಕ್ರ ಹೋಗೇತಿ. ಅದು ನೀರಾಗ ತಿರಗಬೇಕು. ಒಣಾದು ತಿರಗಿದ್ರ ಸುಡತೈತಿ." ಸ್ವಲ್ಪ ತಡೆದು ಹೇಳಿದ, "ಪ್ರತಿ ವರ್ಷಾ ಖಂಡೇನವಮಿಗಿ ಅಂಗಳದಾಗ ಒಣಾದ ತಿರಗಿಸೀನಿ."

ದಂಡೆಯಿಂದ ಕುಸುಮ ಕೂಗಿದಳು: "ಪೂಜಾ ಮಾಡಿ ಮಾಡಿ ದೇವರ್ನ ಕೊಂದ್ರಿ!"

ಬಾಪುಸಾಹೇಬ ಬೋಟಿನ ಅಂಚು ಹಿಡಿದು ಕೂತ. ನಡುಗಡ್ಡೆಯ ಚುಕ್ಕೆಯೊಂದು ಕೈ ಬೀಸುತ್ತಿತ್ತು. ಅವನು ಕಣ್ಣು ತಗ್ಗಿಸಿದ. ಕಣ್ಣಿಗೆ ಬಿದ್ದದ್ದು ಹಲಗೆಯ ಕೆಳಗೆ ಸಿಕ್ಕಿಕೊಂಡಿದ್ದ ಕಾಲು ಪಂಪು.

"ಧೂಳಪ್ಪಾ, ಅದನ್ನ ಎಳಿ! ದ್ರಾಕ್ಷಿಗೆ ಔಷಧ ಹೊಡದಂಗ ಈ ಮೋಟರಿಗಿ ನೀರ ಹೊಡಿಯೋಣು."

ಮೋಟರಿನ ಟೋಪಿ ತೆಗೆದು ನೀರು ಹೋಗುವ ಕೊಳವೆ ಬಿಚ್ಚಿದ. ಪಂಪಿನ ಪೈಪನ್ನು ಅದಕ್ಕೆ ಸಿಕ್ಕಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿದ. ಪಂಪಿನ ಇನ್ನೊಂದು ಪೈಪು ಬಕೆಟಿನೊಳಗೆ. ರಾಜಾರಾಮ ಹೊಳೆಯ ನೀರು ಮೊಗೆದು ಬಕೆಟು ತುಂಬಬೇಕು. ಧೂಳಪ್ಪ ತುಳಿಯಬೇಕು.

"ನಿಲ್ಲಿಸಿದಿ ಅಂದ್ರ ಮೋಟರ್ ಸುಡತೈತಿ. ಮೋಟರ್ ಸುಟ್ರ ನಾವು ಸೀದಾ ಆಲಮಟ್ಟಿಗೆ!"

"ಹೂಂನ್ರಿ. ಅಲ್ಲಿ ನಮ್ಮ ಬೀಗರ ಅದಾರ," ಎಂದು ಧೂಳಪ್ಪ ತುಳಿಯತೊಡಗಿದ.

ತೂತಿನಿಂದ ನೀರಿನ ಎಳೆ ಚಿಮ್ಮಿತು!

ಬೋಟು ಸೆಳವಿಗೆ ಮುಖ ಕೊಟ್ಟು ಓರೆಯಾಗಿ ಸಾಗಿತು. ಮೂತಿ ಎಡಕ್ಕೆ ಹೊರಳಿತು. ಬಾಪುಸಾಹೇಬ ಹಿಡಿಕೆಯನ್ನು ಎದೆಗೆ ಒತ್ತಿಕೊಂಡ.

"ಅಣ್ಣಾರ, ಮರ!"

ಜಾಲಿಯ ಕೊಂಬೆ ಎದುರಿನ ಗಾಜನ್ನು ಒಡೆದು ಮುಂದೆ ಸಾಗಿತು. ಮೊಗೆ, ತುಳಿ. ಮೊಗೆ, ತುಳಿ. ನಡುಗಡ್ಡೆಯ ಅಂಚಿಗೆ ಬಂದಾಗ ಕೆಸರಿನ ದಿಮ್ಮಿಯೊಂದು ಕಣ್ಣು ತೆರೆಯಿತು. ಮೊಸಳೆ! ಬಾಪುಸಾಹೇಬ ಮೋಟರನ್ನು ಗುಡುಗಿಸಿದ. ಅದು ಬೇಸರದಿಂದಲೆಂಬಂತೆ ನೀರಿಗೆ ಜಾರಿತು.

"ಅದರ ಬಗ್ಗಿ ಅಂಜಬ್ಯಾಡ್ರಿ," ಮರದ ಕೆಳಗಿನಿಂದ ಕಾಳವ್ವ ಹೇಳಿದಳು. "ರಾತ್ರೆಲ್ಲಾ ಇಲ್ಲೇ ಇತ್ತ. ಅದಕ್ಕೂ ನಮ್ಮಂಗ ಸಾಕಾಗೇತಿ."

ಚಂದ್ರಮತಿ ಎದ್ದು ನಿಂತಳು. ಕಾಲ ಬುಡಕ್ಕೇ ನೀರು. ಕೈಯಲ್ಲಿ ಒಂದು ಚರಿಗೆ, ಹೆಗಲ ಮೇಲೆ ನೀರು ಸೋಸುವ ಬಿಳಿ ಅರಿವೆ. ಸೋಸದ ನೀರನ್ನು ಅವಳು ಜನ್ಮದಲ್ಲಿ ಕುಡಿದವಳಲ್ಲ. ಎಲ್ಲಿಗೆ ಹೋದರೂ ಆ ಅರಿವೆ ಜೊತೆಗಿರುತ್ತಿತ್ತು.

"ಬಾಪೂ, ಕಪಾಟ ತಂದೀ ಏನಪಾ?"

"ಹತ್ತ ಅಕ್ಕಾ, ಲಗೂ!"

ಮರಳುವ ದಾರಿ ಇನ್ನೂ ಕಠಿಣವಾಯಿತು. ಭಾರ ಹೆಚ್ಚಿತ್ತು, ನೀರೂ ಏರಿತ್ತು. ಧೂಳಪ್ಪನ ಕಾಲು ಸೋತಿತು. ರಾಜಾರಾಮ ತುಳಿದ. ಅವನೂ ಸೋತ. ಮತ್ತೆ ಧೂಳಪ್ಪ. ನಡುಹೊಳೆಯಲ್ಲಿ ನೀರಿನ ಎಳೆ ಸಣ್ಣದಾಯಿತು. ಆಮೇಲೆ ಹನಿಯಾಯಿತು.

"ತುಳಿಯೋ!"

"ತುಳ್ಯಾಕತ್ತೀನ್ರಿ! ಪಂಪ ಕಟ್ಟಿಕೊಂಡೈತಿ!"

ಬಕೆಟಿನಲ್ಲಿ ನೀರಿರಲಿಲ್ಲ, ರಾಡಿ ಇತ್ತು. ಪೈಪಿನ ಬಾಯಿಯ ಜಾಲರಿಗೆ ಕಸ ಮೆತ್ತಿಕೊಂಡಿತ್ತು. ಮೋಟರಿನಿಂದ ಬಣ್ಣ ಸುಟ್ಟ ವಾಸನೆ ಬಂತು. ಬಂದ್ ಮಾಡಿದರೆ ಸೆಳವು ಒಯ್ಯುತ್ತದೆ. ಮಾಡದಿದ್ದರೆ ಮೋಟರು ಸಾಯುತ್ತದೆ.

ಚಂದ್ರಮತಿ ಒಂದು ಕ್ಷಣ ಬಕೆಟ್ ನೋಡಿದಳು. ಹೆಗಲ ಮೇಲಿನ ಅರಿವೆ ಎಳೆದಳು.

"ಜರಾ ಅತ್ತ ಸರಿ ರಾಜಾರಾಮಾ. ಆ ರಾಡಿ ಚೆಲ್ಲು."

ಪೈಪು ಕೊಡವಿ ಬಕೆಟಿಗಿಟ್ಟು, ಬಕೆಟಿನ ಬಾಯಿಗೆ ಅರಿವೆಯನ್ನು ಇಮ್ಮಡಿ ಮಡಚಿ ಕಟ್ಟಿದಳು, ಮನೆಯಲ್ಲಿ ಕೊಡಕ್ಕೆ ಕಟ್ಟಿದಂತೆ. ಕಾಳವ್ವ ಚರಿಗೆಯಿಂದ ಮೊಗೆದು ಸುರಿದಳು. ರಾಡಿ ಮೇಲೆ ನಿಂತಿತು, ನೀರು ಕೆಳಗಿಳಿಯಿತು. ಧೂಳಪ್ಪ ಹಲ್ಲು ಕಚ್ಚಿ ತುಳಿದ.

ಹನಿ. ಹನಿ. ಎಳೆ!

ಆಮೇಲೆ ಒಂದೇ ಕೆಲಸ: ಮೊಗೆಯುವುದು, ಸೋಸುವುದು, ತುಳಿಯುವುದು. ದಂಡೆಯ ಕೆಸರಿಗೆ ಬೋಟಿನ ಮೂತಿ ತಾಗಿದಾಗ ಬಾಪುಸಾಹೇಬನಿಗೆ ಹಿಡಿಕೆಯಿಂದ ಬೆರಳು ಬಿಡಿಸಿಕೊಳ್ಳಲಾಗಲಿಲ್ಲ. ಕುಸುಮ ಮೊಣಕಾಲು ನೀರಿಗಿಳಿದು ಒಂದೊಂದೇ ಬೆರಳು ಬಿಡಿಸಿದಳು. ಹಿಂದೆ ತಿರುಗಿ ನೋಡಿದರೆ ಬೇವಿನಮರದ ಬುಡದಲ್ಲಿ ನೆಲವೇ ಕಾಣಲಿಲ್ಲ.

ಸೂರ್ಯ ಕಬ್ಬಿನ ತುದಿಗೆ ಇಳಿದಿದ್ದ. ಕುಸುಮ ಡಬ್ಬಿ ಬಿಚ್ಚಿದಳು.

"ಅಕ್ಕಾರ, ಲಗೂನ ಬರ್ರಿ. ಇನ್ನ ಜರಾ ಹೊತ್ತೈತಿ. ಎರಡ ತುತ್ತರ ತಿನ್ರಿ."

ಚಂದ್ರಮತಿ ಬಕೆಟಿನ ಅರಿವೆ ಬಿಚ್ಚುತ್ತಿದ್ದಳು. ಹುಷಾರಾಗಿ ನಾಲ್ಕು ಮೂಲೆ ಕೂಡಿಸಿ, ಬಕೆಟನ್ನೂ ಹಿಡಿದು, ಕೆಸರಿನಲ್ಲಿ ಕಾಲೆಳೆಯುತ್ತ ಮತ್ತೆ ಹೊಳೆಯತ್ತ ನಡೆದಳು.

"ಅದನ್ನ ನಾಳಿ ತೊಳದ್ರಾತು ಅಕ್ಕಾ!" ಬಾಪುಸಾಹೇಬ ಕೂಗಿದ.

"ನಮ್ಮ ಜೀವಾ ದಂಡಿಗೆ ಬಂದುವು. ಅರಿವ್ಯಾಗಿನ ಸಣ್ಣ ಸಣ್ಣ ಜೀವಾ ಒಣಗಿ ಸಾಯಬೇಕೇನ? ಅವೂ ತಮ್ಮ ನೀರಿಗೆ ಹೋಗಲಿ."

ಅರಿವೆ ಮಗುಚಿ, ಬಕೆಟಿನ ಸೋಸಿದ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿದು, ರಾಡಿಯೆಲ್ಲ ಹೊಳೆಗಿಳಿಯುವ ತನಕ ಜಾಲಿಸಿದಳು. ತಿರುಗಿ ಬರುವಷ್ಟರಲ್ಲಿ ಸೂರ್ಯ ಇರಲಿಲ್ಲ. ಅವಳು ಡಬ್ಬಿಯನ್ನೊಮ್ಮೆ ನೋಡಿ ಸುಮ್ಮನೆ ಕೂತಳು. ಬಾಪುಸಾಹೇಬ ಮುರಿದ ರೊಟ್ಟಿಯನ್ನು ಮತ್ತೆ ಡಬ್ಬಿಯಲ್ಲಿಟ್ಟ.

"ಈ ವರ್ಷ ಖಂಡೇನವಮಿಗಿ ಬರೇ ಕಾಯಿ ಒಡೀರಿ," ಕುಸುಮ ಹೇಳಿದಳು.

"ಬ್ಯಾರಲ್ ತುಂಬ ನೀರ ಇಟ್ಟು ಚಾಲೂ ಮಾಡ್ತೀನಿ."

"ಸೋಸಿದ ನೀರ," ಅಕ್ಕ ಕಣ್ಣು ಮುಚ್ಚಿಯೇ ಸೇರಿಸಿದಳು.

ಧೂಳಪ್ಪ ಡಬ್ಬಿ ತನ್ನ ಕಡೆ ಎಳೆದುಕೊಂಡ. "ನನ್ನ ಹೊಟ್ಟಿ ಜೈನರ ಪೈಕಿ ಅಲ್ರಿ, ತಪ್ಪ ತಿಳೀಬ್ಯಾಡ್ರಿ," ಎಂದು ಕಾಳವ್ವನಿಗೂ ರಾಜಾರಾಮನಿಗೂ ಒಂದೊಂದು ರೊಟ್ಟಿ ಕೊಟ್ಟು ತಾನೂ ತಿನ್ನತೊಡಗಿದ. ಅವನ ಬಲಗಾಲು ಕೆಸರನ್ನು ಒತ್ತುತ್ತಲೇ ಇತ್ತು. ಒತ್ತುವುದು, ಬಿಡುವುದು, ಒತ್ತುವುದು.

"ಧೂಳಪ್ಪಾ, ಮೋಟರ್ ಬಂದ್ ಮಾಡೀನೋ."

"ನನಗ ಗೊತ್ತೈತ್ರಿ ಅಣ್ಣಾರ," ಧೂಳಪ್ಪ ರೊಟ್ಟಿ ಅಗಿಯುತ್ತ ಹೇಳಿದ. "ಕಾಲಿಗೆ ಇನ್ನ ಗೊತ್ತಾಗಿಲ್ಲ."