ಬೋರಲು ಬಿದ್ದ ರಾಕರ್ ಆರ್ಮ್

ದೆವ್ವ ಅಂದರೆ ನಕ್ಕುಬಿಡುವವನು ನಾನು. ಮೆಕ್ಯಾನಿಕ್ ಕೆಲಸ ಕಲಿಸಿದ ಸೋದರಮಾವ ತೀರಿಕೊಂಡಾಗ, ಕಾರಿನ ವೇಗ ಹೆಚ್ಚಿಸಲೆಂದು ಅವರು ಬಿಚ್ಚಿದ್ದ ಆರು ಸಿಲಿಂಡರಿನ ಎಂಜಿನ್ನಿನ ಕೆಲಸ ಅರ್ಧಕ್ಕೇ ನಿಂತಿತ್ತು. ಅದಕ್ಕೆ ರಾಕರ್ ಆರ್ಮ್ ಆರಿಸಲು ಮನೆ ಪಕ್ಕದ ಅವರ ಶೆಡ್ಡಿನಲ್ಲಿ ನಾನೇ ಕೂತೆ. ವಾಲ್ವ್ ಒತ್ತುವ ಆ ಪುಟ್ಟ ತೋಳುಗಳಲ್ಲಿ ಯಾವುದಾದರೂ ಮನಸ್ಸಿಗೆ ಬಾರದಿದ್ದರೆ ಮಾವ ತುಟಿ ಬಿಚ್ಚುತ್ತಿರಲಿಲ್ಲ, ಸುಮ್ಮನೆ ಬೋರಲು ಹಾಕುತ್ತಿದ್ದರು.

ಹೊಸದನ್ನೆಲ್ಲ ಬಟ್ಟೆಯ ಮೇಲೆ ನೆಟ್ಟಗೆ ಜೋಡಿಸಿ, ಸ್ಪ್ಯಾನರ್ ತೆಗೆದುಕೊಳ್ಳಲು ತಿರುಗಿದೆ. ಒಂದು ಬೋರಲು ಬಿದ್ದಿತ್ತು. ನೆಟ್ಟಗಿಟ್ಟೆ. ಮತ್ತೆ ನೋಡಿದರೆ ಅದೇ ಬೋರಲು. ಮುಟ್ಟಿದರೆ, ಯಾರೋ ಅಂಗೈಯಲ್ಲಿ ಹಿಡಿದಿದ್ದ ಹಾಗೆ ಬೆಚ್ಚಗಿತ್ತು. ಬೆಳಕಿಗೆ ಹಿಡಿದೆ. ಕೂದಲೆಳೆಯಂಥ ಬಿರುಕು.

ಅಷ್ಟರಲ್ಲಿ ಮನೆಯೊಳಗಿಂದ ಅತ್ತೆ ಗದರಿದರು: "ಸೋಪಿಗೆಲ್ಲ ಗ್ರೀಸ್ ಮೆತ್ತಿದ್ದೀಯಲ್ಲೋ, ಥೇಟ್ ನಿಮ್ಮ ಮಾವನ ಹಾಗೆ! ಕೈ ತೊಳೆದ ಮೇಲೆ ನಲ್ಲಿನಾದ್ರೂ ನಿಲ್ಲಿಸಬಾರದಾ?"

ಬೆಳಗಿನಿಂದ ನಾನು ಶೆಡ್ ಬಿಟ್ಟು ಕದಲಿರಲಿಲ್ಲ. ನನ್ನ ಕೈ ಎರಡೂ ಇನ್ನೂ ಕಪ್ಪಾಗಿಯೇ ಇದ್ದವು.