ಪಳಗುವ ತನಕ

"ಸರೀರಿ... ಪಕ್ಕಕ್ಕೆ ಸರೀರಿ!"

ಮದುವೆಮನೆಯಿಂದ ವಾಪಸ್ ಬಂದ ದೊಡ್ಡ ಸ್ಪೀಕರ್ ಡಬ್ಬವನ್ನು ಎದೆಗವುಚಿಕೊಂಡು ಕಾಡಸಿದ್ದಪ್ಪ ತನ್ನ ಅಂಗಡಿಯೊಳಗೆ ಬರುತ್ತಿದ್ದ. ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ ಹುಡುಗಿ ಮಾತ್ರ ಕದಲಲೇ ಇಲ್ಲ!

ಡಬ್ಬದ ಮೂಲೆ ಅವಳ ಭುಜಕ್ಕೆ ಬಡಿಯಿತು. ಅವಳು ಬೆಚ್ಚಿ ತಿರುಗಿದಳು.

"ಅಷ್ಟೊತ್ತಿಂದ ಕೂಗ್ತಾ ಇದೀನಿ, ಕಿವಿ ಕೇಳ್ಸಲ್ವೇನ್ರೀ ನಿಮಗೆ?"

ಅವಳು ಅವನ ತುಟಿಗಳನ್ನೇ ದಿಟ್ಟಿಸಿದಳು. ಆಮೇಲೆ ತಣ್ಣಗೆ ಹೇಳಿದಳು.

"ಇಲ್ಲ. ಕೇಳ್ಸಲ್ಲ."

ಎಂಥ ಕೊಬ್ಬು! ಸಿದ್ದಪ್ಪ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಪಕ್ಕ ಕೂತಿದ್ದ ಹಿರಿಯರು ಎದ್ದು ಬಂದರು.

"ನಿಜ ಕಣಪ್ಪ. ನನ್ನ ಮಗಳು ಗೌರಿ. ಸ್ಕೂಲಿಗೆ ಹೋಗೋ ವಯಸ್ಸಲ್ಲಿ ವಿಷಮಜ್ವರ ಬಂತು. ಜೀವ ಉಳೀತು, ಕಿವಿ ಮಂದ ಆಯ್ತು."

ಸಿದ್ದಪ್ಪ ಡಬ್ಬವನ್ನು ಕೆಳಗಿಟ್ಟ. ಅವಳ ಎದುರು ಬಂದು ನಿಂತು ಎರಡೂ ಕೈ ಜೋಡಿಸಿದ.

"ತಪ್ಪಾಯ್ತು ಕಣ್ರೀ."

ಕನಿಕರ ತೋರಿಸುವವರನ್ನು ಗೌರಿ ಕಂಡಿದ್ದಳು. ಕಿವಿಯ ಹತ್ತಿರ ಬಂದು ಅರಚುವವರನ್ನೂ ಕಂಡಿದ್ದಳು. ಕೈ ಮುಗಿದು ತಪ್ಪೊಪ್ಪಿಕೊಂಡವರು... ಊಹೂಂ, ಯಾರೂ ಇರಲಿಲ್ಲ. ಅವಳೇ ಮುಜುಗರಪಟ್ಟು ಮುಖ ತಿರುಗಿಸಿದಳು.

ಅದು ಎಂಬತ್ತೈದನೇ ಇಸವಿ. ಹಳ್ಳಿಗಳಿಗೂ ಟೇಪ್‌ರೆಕಾರ್ಡರ್ ಕಾಲಿಡುತ್ತಿದ್ದ ಕಾಲ. ತಿಪಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿದ್ದ ಸಿದ್ದಪ್ಪನ ಕ್ಯಾಸೆಟ್ ಅಂಗಡಿಗೆ ಹಾಡು ತುಂಬಿಸಿಕೊಳ್ಳಲು ಸುತ್ತಲಿನ ಜನ ಬರುತ್ತಿದ್ದರು. ಗೌರಿಯ ತಂದೆ ನಂಜುಂಡಪ್ಪ ಹಂದನಕೆರೆ ಕಡೆಯವರು. ತೆಂಗಿನ ತೋಟವಿತ್ತು, ದನಕರುಗಳಿದ್ದವು. ತಾಯಿಯಿಲ್ಲದ ಒಬ್ಬಳೇ ಮಗಳು. ಹಿಂದೆ ಕೊಡಿಸಿದ್ದ ಕಿವಿಯ ಮಿಷನ್ನು ಸದಾ ಶಿಳ್ಳೆ ಹೊಡೆಯುತ್ತದೆಂದು ಅವಳು ತೆಗೆದಿಟ್ಟುಬಿಟ್ಟಿದ್ದಳು. ಹೆಡ್‌ಫೋನ್ ಹಾಕಿದರೆ ಹಾಡಾದರೂ ಕೇಳಬಹುದೇನೋ ಎಂಬ ಆಸೆಯಿಂದ ಅವರು ಬಂದಿದ್ದರು.

"ಹಾಡೊಂದೇ ಅಲ್ಲ ಯಜಮಾನ್ರೇ, ಇಲ್ನೋಡಿ."

ಸಿದ್ದಪ್ಪ ಟೇಪ್‌ರೆಕಾರ್ಡರಿಗೆ ಒಂದು ಮೈಕು ಸಿಕ್ಕಿಸಿ, ರೆಕಾರ್ಡ್ ಗುಂಡಿ ಒತ್ತಿದ. ಡಬ್ಬಿಯಿಂದ ಹೊಸ ಹೆಡ್‌ಫೋನ್ ತೆಗೆದು ಗೌರಿಗೆ ಕೊಟ್ಟ. ಮೈಕಿನಲ್ಲಿ ಆಡಿದ ಮಾತು ಆ ಕ್ಷಣವೇ ಹೆಡ್‌ಫೋನಿನಲ್ಲಿ ದೊಡ್ಡದಾಗಿ ಕೇಳಿಸುತ್ತಿತ್ತು.

"ಗೌರೀ..." ಎಂದರು ನಂಜುಂಡಪ್ಪ.

ಅವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

"ತಗಡು ಕೆರೆದಂಗೆ ಕೇಳ್ಸುತ್ತೆ. ಮಾತೇ ಅಲ್ಲ ಅದು. ಬ್ಯಾಡ ಅಪ್ಪಯ್ಯ, ಹೋಗಣ."

ಸಿದ್ದಪ್ಪ ಅವಳ ಎದುರಿಗೇ ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

"ಹೊಸ ಹೆಡ್‌ಫೋನು ಹಂಗೇ ಇರುತ್ತೆ ಕಣ್ರೀ. ಒಳಗೆ ಸಣ್ಣ ಸ್ಪೀಕರ್ ಇರುತ್ತಲ್ಲ, ಅದರ ಪರದೆ ಬಿಗಿ ಇರುತ್ತೆ. ಕೇಳ್ತಾ ಕೇಳ್ತಾ ಸಡಿಲ ಆಗುತ್ತೆ, ದನಿ ಮೆತ್ತಗಾಗುತ್ತೆ. ಪಳಗೋ ತನಕ ದಿನಾ ಒಂದಿಷ್ಟು ಹೊತ್ತು ಕೇಳಿ. ಬಿಡ್ಬೇಡಿ."

'ಪಳಗುತ್ತಂತೆ... ಎತ್ತೇನು ಇದು?' ಅಂದುಕೊಂಡಳು ಗೌರಿ. ಆದರೂ ಅಪ್ಪನ ಮುಖ ನೋಡಿ ಬೇಡವೆನ್ನಲಾಗಲಿಲ್ಲ. ಟೇಪ್‌ರೆಕಾರ್ಡರು, ಮೈಕು, ಹೆಡ್‌ಫೋನು ಮೂರೂ ಮನೆಗೆ ಬಂದವು.

ಮೊದಮೊದಲು ಅದು ಹಿಂಸೆಯೇ. ಅಜ್ಜಿ ಭೂತಮ್ಮ ಜಗಲಿಯಲ್ಲಿ ಸೋಗೆ ಹೆಣೆಯುತ್ತಾ ಮೈಕಿಗೆ ಬಾಯಿಟ್ಟು ಮಾತಾಡುತ್ತಿದ್ದರೆ ಗೌರಿಗೆ ಬರೀ ಕರಕರ ಸದ್ದು. ಹೆಡ್‌ಫೋನ್ ತೆಗೆದು ಎಸೆಯಬೇಕೆನ್ನಿಸುತ್ತಿತ್ತು. ಪಳಗೋ ತನಕ... ಎಂದು ಹಲ್ಲು ಕಚ್ಚಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಆ ಕರಕರದ ನಡುವಿನಿಂದ ಒಂದು ಮಾತು ಎದ್ದು ಬಂತು.

"...ಮುದ್ದೆಗೆ ಎಸರಿಟ್ಟೇನವ್ವಾ?"

ಗೌರಿ ತಿರುಗಿ ನೋಡಿದಳು. ಅಜ್ಜಿ ಸೋಗೆಯ ಮೇಲೆ ಬಗ್ಗಿದ್ದಳು. ತುಟಿ ಕಾಣುತ್ತಲೇ ಇರಲಿಲ್ಲ!

"ಇಟ್ಟಿದ್ದೀನಿ ಅಜ್ಜಿ," ಎಂದಳು.

ಭೂತಮ್ಮನ ಕೈಯಲ್ಲಿದ್ದ ಸೋಗೆ ಜಾರಿತು. "ಕೇಳ್ಸಿತೇನೇ? ನನ್ನವ್ವಾ... ಕೇಳ್ಸಿತಾ?"

ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿ, ಸುಲಿಯಲು ಎತ್ತಿಡುವುದು ಆ ಕಡೆಯ ಹೆಂಗಸರ ಕೆಲಸ. ಗೌರಿ ಅಷ್ಟು ವರ್ಷವೂ ಅಂಗೈಗೆ ತಗಲುವ ಅದುರುವಿಕೆಯಿಂದಲೇ ಅದನ್ನು ತಿಳಿಯುತ್ತಿದ್ದಳು. ಅಂದು ಮೈಕಿನ ಮುಂದೆ ಒಂದು ಕಾಯಿ ಅಲ್ಲಾಡಿಸಿದಳು.

ಗುಡ ಗುಡ... ಗುಡ ಗುಡ...

ಅವಳು ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾ ನಕ್ಕಳು.

ಸಂತೆಯ ದಿನ ಅಪ್ಪನ ಜೊತೆ ತಿಪಟೂರಿಗೆ ಹೋದವಳು ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಹೇಳಿದಳು.

"ಪಳಗ್ತಾ ಇದೆ ಕಣ್ರೀ!"

ಸಿದ್ದಪ್ಪನಿಗಾದ ಖುಷಿ ಅಷ್ಟಿಷ್ಟಲ್ಲ. ಅವನು ಅವಳಿಗಾಗಿಯೇ ಕ್ಯಾಸೆಟ್ ತುಂಬಿಸತೊಡಗಿದ. ಹಾಡಲ್ಲ, ಅವನದೇ ಮಾತು. ಬಸ್ಸು ನಿಲ್ಲುವ ಊರುಗಳ ಹೆಸರು, ಅಂಗಡಿಗೆ ಬಂದವರ ತಮಾಷೆ, ಅವನು ಅನ್ನ ಸೀಯಿಸಿಕೊಂಡ ಕಥೆ. ಎಲ್ಲ ನಿಧಾನವಾಗಿ, ಬಿಡಿಸಿ ಬಿಡಿಸಿ. ತೋಟದ ಕಟ್ಟೆಯ ಮೇಲೆ ಕೂತು ಗೌರಿ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು.

'ಎದುರಿಗಿದ್ದಾಗ ತುಟಿ ನೋಡಿ ಅರ್ಥ ಮಾಡ್ಕೋತೀನಿ. ಇಲ್ಲಿ ಬರೀ ದನಿ... ಎಷ್ಟು ಚೆನ್ನಾಗಿದೆ ಇವರ ದನಿ!'

ಹಾಗಂದುಕೊಂಡಾಗ ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಒಂದು ಮಧ್ಯಾಹ್ನ. ಹುಳಿಯಾರಿನ ರೇಡಿಯೋ ರಿಪೇರಿ ಗಿಡ್ಡಯ್ಯ ಮನೆಯ ಹಳೇ ರೇಡಿಯೋ ನೋಡಲು ಬಂದಿದ್ದ. ಗೌರಿ ಸಂಭ್ರಮದಿಂದ ಹೆಡ್‌ಫೋನಿನ ಕಥೆ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೆಡ್‌ಫೋನು ಪಳಗೋದಾ! ಮೊದಲ್ನೇ ದಿನ ಹೆಂಗಿತ್ತೋ ಕೊನೇ ತನಕ ಹಂಗೇ ಕಣವ್ವ. ವಾಪಸ್ ತರದೇ ಇರ್ಲಿ ಅಂತ ಅಂಗಡಿಯೋರು ಹೇಳೋ ಮಾತದು. ನಿನ್ನ ಯಾಮಾರಿಸವ್ನೆ, ಬುಡು."

ಗೌರಿ ಹೆಡ್‌ಫೋನನ್ನು ಕೆಳಗಿಟ್ಟಳು.

ಸುಳ್ಳಾ? ಅಷ್ಟು ಎದುರಿಗೆ ನಿಂತು, ಅಷ್ಟು ಬಿಡಿಸಿ ಹೇಳಿದ್ದು... ಕಿವುಡಿ ತಾನೇ, ನಂಬ್ತಾಳೆ ಅಂತಲಾ? ಹಾಗಾದರೆ ಆ ಕ್ಯಾಸೆಟ್ಟುಗಳು? ಅವೂ ಕನಿಕರವೇ?

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೆಡ್‌ಫೋನು ಬದಲಾಗಿಲ್ಲವೆಂದರೆ... ನನಗೆ ಕೇಳಿಸುತ್ತಿರುವುದೂ ಬರೀ ಭ್ರಮೆಯಾ?

ಅವಳು ಹೆಡ್‌ಫೋನನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಸಂತೆಗೆ ಹೊರಟ ಅಪ್ಪನಿಗೆ ತಲೆನೋವೆಂದಳು. ಮುಂದಿನ ಸಂತೆಗೂ ಹೋಗಲಿಲ್ಲ. ಮನೆ ಮತ್ತೆ ಮೂಕವಾಯಿತು. ಭೂತಮ್ಮ ಮೈಕು ಹಿಡಿದು ಬಂದರೆ "ಬ್ಯಾಡ ಬುಡಜ್ಜಿ," ಎಂದು ಎದ್ದು ಹೋಗುತ್ತಿದ್ದಳು.

ಅತ್ತ ಸಿದ್ದಪ್ಪ ಸಂತೆಯ ದಿನವೆಲ್ಲ ಬಾಗಿಲನ್ನೇ ನೋಡುತ್ತಿದ್ದ. ಕೊನೆಗೆ ನಂಜುಂಡಪ್ಪನವರನ್ನೇ ತಡೆದು ಕೇಳಿದ. ಅವರು ಗಿಡ್ಡಯ್ಯ ಆಡಿದ ಮಾತು ಹೇಳಿದರು. ಮರುದಿನವೇ ಅವನು ಅಂಗಡಿ ಮುಚ್ಚಿ ಹಂದನಕೆರೆಯ ಬಸ್ಸು ಹತ್ತಿದ. ಕೈಯಲ್ಲಿ ಬಿಚ್ಚದ ಒಂದು ಹೊಸ ಡಬ್ಬಿ.

ಅವನು ಬಂದಾಗ ಗೌರಿ ಅಂಗಳದಲ್ಲಿ ಕಾಯಿ ಆರಿಸುತ್ತಿದ್ದಳು.

"ಯಾಕೆ ಬಂದ್ರಿ? ಇನ್ನೊಂದು ಸುಳ್ಳು ಹೇಳೋಕಾ?"

"ಸುಳ್ಳೋ ನಿಜವೋ ಇಲ್ಲೇ ನೋಡಿಬಿಡಣ. ನಿಮ್ಮದೇ ಥರದ್ದು, ಹೊಸದು. ಇನ್ನೂ ಯಾರೂ ಕೇಳಿಲ್ಲ. ಎರಡನ್ನೂ ಕೇಳಿ ನೀವೇ ಹೇಳಿ."

ಭೂತಮ್ಮ ಅಡ್ಡ ಬಂದಳು. "ಅಷ್ಟು ದೂರದಿಂದ ಬಂದವ್ನೆ. ಕೂತ್ಕೊ ಮಗ. ಗೌರೀ, ತತ್ತಾರೇ ಅದನ್ನ!"

ಗೌರಿ ಮುಖ ಗಂಟಿಕ್ಕಿಕೊಂಡೇ ತಂದಳು. ಅವಳ ಹೆಡ್‌ಫೋನಿನ ಸ್ಪಂಜು ಸವೆದಿತ್ತು, ಮುಟ್ಟಿದರೆ ಗೊತ್ತಾಗಿಬಿಡುತ್ತಿತ್ತು. ಸಿದ್ದಪ್ಪ ಎರಡಕ್ಕೂ ಒಂದೇ ತೆಳು ಬಟ್ಟೆ ಸುತ್ತಿದ. ಸದ್ದಿನ ತಿರುಪನ್ನು ಒಂದೇ ಕಡೆ ನಿಲ್ಲಿಸಿದ. ಗೌರಿ ಕಣ್ಣು ಮುಚ್ಚಿದಳು. ಭೂತಮ್ಮ ಮೈಕು ಹಿಡಿದು ಗೌರಿಯ ತಾಯಿಯ ಮದುವೆಯ ಕಥೆ ಶುರುಮಾಡಿದಳು.

"ಇದು ಹಳೇದು," ಎಂದಳು ಗೌರಿ. ಅದು ಹೊಸದಾಗಿತ್ತು.

"ಇದು... ಹೊಸದು." ಅದು ಹಳೆಯದು.

ಆಮೇಲೆ ತಲೆಯಾಡಿಸಿದಳು. "ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ ಇದೆ."

ಸಿದ್ದಪ್ಪ ತಾನೂ ಹಾಕಿಕೊಂಡ. "ಇಲ್ಲ, ಇದು ಒಂಚೂರು ಮೆತ್ತಗಿದೆ. ಇದೇ ಪಳಗಿದ್ದು."

"ಅಯ್ಯೋ, ಅದು ಹೊಸಾದು ಕಣಪ್ಪ! ಆಗಲೇ ಅದ್ಲುಬದ್ಲು ಮಾಡಿಟ್ಟೆ," ಎಂದು ಭೂತಮ್ಮ ಕಿಸಕ್ಕನೆ ನಕ್ಕಳು.

ಅವನು ನಗಲಿಲ್ಲ. ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಟ್ಟು ಗೌರಿಯ ಎದುರಿಗೆ ಕೂತ.

"ನಾನು ಕೆಲಸ ಕಲಿತ ಕಡೆ ಎಲ್ಲಾರೂ ಹಂಗೇ ಹೇಳ್ತಿದ್ರು. ನನ್ನ ಹೆಡ್‌ಫೋನೂ ಪಳಗ್ತು ಅಂತ್ಲೇ ನಂಬಿದ್ದೆ. ಸುಳ್ಳು ಹೇಳ್ಲಿಲ್ಲ ಕಣ್ರೀ... ಆದ್ರೆ ಹೇಳಿದ್ದು ತಪ್ಪು. ಗಿಡ್ಡಯ್ಯನ ಮಾತೇ ಸರಿ. ಇದು ಬದಲಾಗಿಲ್ಲ."

ಗೌರಿ ಹೊಸ ಹೆಡ್‌ಫೋನನ್ನೇ ನೋಡುತ್ತಿದ್ದಳು. ಯಾರೂ ಕೇಳದ, ಡಬ್ಬಿಯಿಂದ ಆಗತಾನೇ ಬಂದದ್ದು. ಅಂದು ಅಂಗಡಿಯಲ್ಲಿ ಇಂಥದ್ದೇ ತಗಡು ಕೆರೆದಿತ್ತಲ್ಲ? ಇವತ್ತು ಇದರಲ್ಲೇ ಅಮ್ಮನ ಧಾರೆ ಸೀರೆಯ ಬಣ್ಣ ಕೇಳಿಸಿತು... ಅಮ್ಮ ಸಪ್ಪಳವಾಗದಂತೆ ನಗುತ್ತಿದ್ದದ್ದು ಕೇಳಿಸಿತು... ಕಣ್ಣು ಮುಚ್ಚಿದ್ದೆನಲ್ಲ, ತುಟಿ ನೋಡಿರಲಿಲ್ಲವಲ್ಲ!

"ಅಂದ್ರೆ..." ಅವಳು ಆ ಹೆಡ್‌ಫೋನನ್ನು ಕೈಗೆತ್ತಿಕೊಂಡಳು. "ಅಂದ್ರೆ ಬದಲಾಗಿದ್ದು..."

"ನೀವು," ಎಂದ ಸಿದ್ದಪ್ಪ. "ಕಿವಿ ಮಂದವಾಗೇ ಇರಬಹುದು. ಆದ್ರೆ ಆ ಸದ್ದಿನಲ್ಲಿ ಮಾತು ಹುಡುಕೋದನ್ನ ನೀವೇ ಕಲಿತ್ರಿ. ಅದು ನಿಮ್ಮ ಶ್ರಮ. ನಾನೇನೂ ಮಾಡ್ಲಿಲ್ಲ."

ಗೌರಿಯ ಕಣ್ಣಿಂದ ನೀರು ಇಳಿಯಿತು. ಭ್ರಮೆಯಲ್ಲ! ಕೇಳಿಸಿದ್ದೆಲ್ಲ ನಿಜ... ಎಲ್ಲ ನನ್ನದೇ!

"ಮಾಡ್ಲಿಲ್ವಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಿಡ್ಬೇಡಿ ಅಂದವರು ಯಾರು? ಪಳಗುತ್ತೆ ಅಂತ ನೀವು ನಂಬಿಸ್ದೇ ಇದ್ದಿದ್ರೆ ಅವತ್ತೇ ನಾನು ಇದನ್ನ ಎಸೀತಿದ್ದೆ. ಅಜ್ಜಿ ದನಿ ಕೇಳ್ದೇನೇ ಉಳ್ಕೊತಿದ್ದೆ. ಅಜ್ಜಿ ಮಾತಾಡ್ತಾನೇ ಇದ್ರು, ನಾನು ಇಷ್ಟು ವರ್ಷ ಕೇಳ್ಲೇ ಇಲ್ಲ. ನಿಮ್ಮ ಆ ತಪ್ಪಿಗೆ ನಾನು ಸಾಯೋ ತನಕ ಋಣಿ ಕಣ್ರೀ. ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಿ."

ಭೂತಮ್ಮ ಸಿದ್ದಪ್ಪನ ತಲೆ ಸವರಿದಳು. "ನನ್ನ ಮೊಮ್ಮಗಳ ಕೈಲಿ ಮಾತಾಡಿಸ್ದೆಯಪ್ಪ ನನ್ನ. ನೀನು ತಣ್ಣಗಿರು." ಕಣ್ಣೊರೆಸಿಕೊಂಡು, ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದಳು.

ಅಂಗಳದಲ್ಲಿ ಇಬ್ಬರೇ.

ಸಿದ್ದಪ್ಪ ಮೈಕು ಎತ್ತಿಕೊಂಡ. ಗೌರಿ ಅವನ ಕೈ ತಡೆದಳು.

"ಹಂಗೇ ಹೇಳಿ. ಮುಖ ನೋಡ್ಬೇಕು ನಾನು."

ಅವನು ಮೈಕು ಕೆಳಗಿಟ್ಟ. "ನೀವು ಬರದಿದ್ದ ಆ ಸಂತೆಗಳಲ್ಲಿ ನನಗೆ ಅಂಗಡೀನೇ ಬ್ಯಾಡ ಅನ್ನಿಸ್ತು. ಗೌರಿಯವ್ರೇ... ನನ್ನ ಮದುವೆ ಆಗ್ತೀರಾ? ದೊಡ್ಡ ಮನೆಯಿಲ್ಲ. ಅಂಗಡಿ ಹಿಂದೆ ಎರಡು ಕೋಣೆ ಅಷ್ಟೆ. ಬೆಳಿಗ್ಗೆಯಿಂದ ಸಂಜೆ ತನಕ ಹಾಡಿನ ಗದ್ದಲ..."

ಗೌರಿ ಫಕ್ಕನೆ ನಕ್ಕಳು.

"ಗದ್ದಲದಿಂದ ನನಗೇನ್ರೀ ಕಷ್ಟ?"

ತನ್ನ ಕಿವಿಯ ಬಗ್ಗೆ ಅವಳು ತಮಾಷೆ ಮಾಡಿದ್ದು ಅದೇ ಮೊದಲು. ಸಿದ್ದಪ್ಪನೂ ನಕ್ಕ. ಅವಳು ಮೆಲ್ಲಗೆ "ಹೂಂ" ಎಂದಳು. ಆ ಹೂಂ ಎಷ್ಟು ಸಣ್ಣದಿತ್ತೆಂದರೆ, ಅವನೇ ಅವಳ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು.

ಅಷ್ಟರಲ್ಲಿ ನಂಜುಂಡಪ್ಪ ಎಳನೀರು ಹಿಡಿದುಕೊಂಡು ತೋಟದಿಂದ ಬಂದರು.

"ಓಹೋ, ಸಿದ್ದಪ್ಪ! ಯಾವಾಗ ಬಂದೆ?"

ಸಿದ್ದಪ್ಪ ಧಡಕ್ಕನೆ ಎದ್ದ. ಕೈ ಕಟ್ಟಿಕೊಂಡು, ನೆಲ ನೋಡುತ್ತಾ ಏನೋ ಗುನುಗಿದ.

"ಏನಪ್ಪ? ಸ್ವಲ್ಪ ಜೋರಾಗಿ ಹೇಳು, ಕೇಳ್ಸಿಲ್ಲ."

ಸಿದ್ದಪ್ಪ ಮತ್ತೆ ನೆಲ ನೋಡುತ್ತಲೇ ಗುನುಗಿದ. ಗೌರಿ ಹೋಗಿ ಅಪ್ಪನ ಕೈಯಿಂದ ಎಳನೀರು ಇಸಕೊಂಡಳು.

"ನನಗೆ ಕೇಳಿಸ್ತು ಅಪ್ಪಯ್ಯ. ನಾನು ಆಗ್ಲೇ ಹೂಂ ಅಂದಿದ್ದೀನಿ. ನೀವೂ ಅನ್ನಿ."