ಚೇತನಾಳ ಸುಳ್ಳು ಹುಳ

ಚೇತನಾಳ ಗಾಳ ಮತ್ತೊಮ್ಮೆ ಬರಿದಾಗಿ ಮೇಲೆ ಬಂತು. ಮೀನೂ ಇಲ್ಲ, ಗಾಳಕ್ಕೆ ಕಟ್ಟಿದ್ದ ಕೋಳಿಪುಕ್ಕವೂ ಇಲ್ಲ. ಪುಕ್ಕ ದಾರದಿಂದ ಬಿಚ್ಚಿಕೊಂಡು ಹೊಳೆಯಲ್ಲಿ ತೇಲಿ ಹೋಗುತ್ತಿತ್ತು.

"ನಿನ್ನ್ ಸುಳ್ಳ್ ಹುಳ ಎಂತ ಹೇಳತ್ತ್ ಮಗಾ?" ಸ್ವಲ್ಪ ಆಚೆ ಕುಳಿತಿದ್ದ ಕುಷ್ಟಜ್ಜ ಕೇಳಿದರು.

ಒಂದೊಂದು ಮೀನು ಹಿಡಿದಾಗಲೂ ಅಜ್ಜ ಇದನ್ನೇ ಕೇಳುತ್ತಿದ್ದರು. ಇದು ಐದನೇ ಸಲ. ಅವರ ಪಾತ್ರೆಯಲ್ಲಿ ಐದು ಮೀನು ಪಟಪಟ ಬಡಿದುಕೊಳ್ಳುತ್ತಿದ್ದವು. ಚೇತನಾ ಹಲ್ಲು ಕಚ್ಚಿ ಬರಿ ಗಾಳವನ್ನು ಎಳೆದುಕೊಂಡಳು.

ಅಜ್ಜ ಗಾಳಕ್ಕೆ ಎರೆಹುಳ ಚುಚ್ಚುತ್ತಾರೆ. ಆಗ ಹುಳ ನುಲಿಯುವುದನ್ನು ಚೇತನಾಳಿಗೆ ನೋಡಲಿಕ್ಕಾಗುವುದಿಲ್ಲ. ಐದನೇ ಕ್ಲಾಸಿಗೆ ಬಂದರೂ ಅವಳ ಗಾಳಕ್ಕೆ ಅಜ್ಜನೇ ಹುಳ ಚುಚ್ಚಿ ಕೊಡಬೇಕಿತ್ತು.

ಹೋದ ತಿಂಗಳು ಶೈಲೇಶ್ ಮಾವ ರಜೆಯಲ್ಲಿ ಊರಿಗೆ, ವಂಡ್ಸೆಗೆ ಬಂದಿದ್ದರು. ಅವರು ಮನಾಲಿಯ ಹೋಟೆಲಿನಲ್ಲಿ ಅಡುಗೆಯವರು. ಬರುವಾಗ ಪುಟ್ಟ ಡಬ್ಬಿಯಲ್ಲಿ, ಪುಕ್ಕ ಮತ್ತು ದಾರ ಸುತ್ತಿದ ಒಂದು ಗಾಳ ತಂದಿದ್ದರು. ನೋಡಲು ನೊಣದ ಹಾಗೆಯೇ ಇತ್ತು. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನನ್ನು ಇದರಿಂದಲೇ ಹಿಡಿಯುತ್ತಾರೆ, ಹುಳವೇ ಬೇಡ ಎಂದರು.

ಹುಳವೇ ಬೇಡ ಎಂದ ಮೇಲೆ ಚೇತನಾ ಸುಮ್ಮನಿರುತ್ತಾಳೆಯೇ? ಹೇಗೆ ಕಟ್ಟಿದ್ದಾರೆ ಎಂದು ನೋಡಲು ಆ ನೊಣವನ್ನು ಬಿಚ್ಚಿದಳು. ಮತ್ತೆ ಕಟ್ಟಲು ಬರಲಿಲ್ಲ.

ಆಮೇಲೆ ಎರಡು ವಾರ ಮನೆಯಲ್ಲಿ ಅದೇ ಕೆಲಸ. ಪಕ್ಕದ ಮನೆಯ ಸ್ವರ್ಣಲತಾ ಅಕ್ಕನ ಹುಂಜದ ಪುಕ್ಕ, ಅಮ್ಮನ ಹೊಲಿಗೆ ಡಬ್ಬಿಯ ಜರಿದಾರ, ಗಮ್. ಗಮ್ ಹಾಕಿದರೆ ಬೆರಳುಗಳೇ ಅಂಟಿಕೊಳ್ಳುತ್ತಿದ್ದವು. ಹಾಕದಿದ್ದರೆ ದಾರ ಬಿಚ್ಚಿಹೋಗುತ್ತಿತ್ತು. ಜರಿದಾರ ಅರ್ಧ ಖಾಲಿಯಾದದ್ದು ಕಂಡು ಅಮ್ಮ ಬೈದದ್ದು ಬೇರೆ.

ಅಂತೂ ಏಳು ಸುಳ್ಳು ಹುಳಗಳು ತಯಾರಾದವು. ಕೆಂಪು, ಹಸಿರು, ಬಂಗಾರದ ಬಣ್ಣದವು. ಕಿವಿಗೆ ಹಾಕಿಕೊಳ್ಳಲು ನನಗೆರಡು ಕೊಡು ಎಂದು ಗೆಳತಿ ಅನಿಷಾ ಕೇಳಿದ್ದಳು.

ಅಜ್ಜ ಮಾತ್ರ ನಕ್ಕು ಒಂದು ಕರಾರು ಹಾಕಿದರು. ಈ ಆದಿತ್ಯವಾರ ಒಂದಾದರೂ ಮೀನು ಸಿಕ್ಕಿದರೆ ಸರಿ. ಇಲ್ಲದಿದ್ದರೆ ಮುಂದಿನ ವಾರದಿಂದ ಎರೆಹುಳ ಅಗೆಯುವುದೂ ಅವಳೇ, ಚುಚ್ಚುವುದೂ ಅವಳೇ.

ಈಗ ಏಳರಲ್ಲಿ ನಾಲ್ಕು ಹೋಗಿದ್ದವು. ಎರಡು ಬಿಚ್ಚಿಹೋದವು. ಒಂದು ಬಂಡೆಯ ಸಂದಿಗೆ ಸಿಕ್ಕಿ ತುಂಡಾಯಿತು. ಇನ್ನೊಂದು ಕೈಗೆ ಎಟುಕದ ಕೊಂಬೆಯಲ್ಲಿ ನೇತಾಡುತ್ತಿತ್ತು.

ಚೇತನಾ ಬಂಗಾರದ ಬಣ್ಣದ್ದನ್ನು ಕಟ್ಟಿ ನೀರಿಗೆ ಬಿಟ್ಟಳು. ಮೂರು ಮೀನು ಹತ್ತಿರ ಬಂದವು. ನೋಡಿದವು. ತಿರುಗಿ ಹೋದವು.

"ಕಾಂಬುಕೆ ಚಂದ ಇತ್ತ್," ಎಂದರು ಅಜ್ಜ. "ಆರೆ ಮೀನ್ ಎಂತ ಜರಿ ಸೀರಿ ಉಟ್ಕಂಡ್ ಮದಿ ಮನಿಗೆ ಹೊರಟದ್ದಾ?"

"ಅಜ್ಜಾ, ನೀವ್ ಎರಡ್ ನಿಮಿಷ ಮಾತಾಡ್ಬೇಡಿ ಕಾಂಬ."

ಅಜ್ಜ ಮಾತಾಡಲಿಲ್ಲ. ಆದರೆ ಎರಡು ನಿಮಿಷದೊಳಗೆ ಆರನೇ ಮೀನು ಹಿಡಿದರು.

ಚೇತನಾ ಗಾಳದ ಕೋಲನ್ನು ಪಕ್ಕಕ್ಕೆ ಎಸೆದು ಬಂಡೆಯ ಮೇಲೆ ಬೋರಲಾಗಿ ಮಲಗಿಬಿಟ್ಟಳು. ಅವಳಿಗೆ ಅಜ್ಜನ ಮುಖವೂ ಬೇಡ, ಆ ಪಾತ್ರೆಯೂ ಬೇಡ.

ಮೂಗಿನ ಕೆಳಗೇ ನೀರಿತ್ತು. ಮೇಲೆ ಬಾಗಿದ್ದ ಕೊಂಬೆಯಿಂದ ಒಂದು ಹಳದಿ ಹೂವು ಬಿತ್ತು. ಯಾವ ಮೀನೂ ಅದರ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಕೆಂಪಿರುವೆ ಬಿತ್ತು. ಪುಳಕ್! ನೀರಿನಲ್ಲಿ ಸಣ್ಣ ಉಂಗುರ ಎದ್ದಿತು. ಇರುವೆ ಇರಲಿಲ್ಲ.

ಚೇತನಾ ಕಣ್ಣು ಮಿಟುಕಿಸದೆ ನೋಡಿದಳು. ಮತ್ತೊಂದು ಇರುವೆ ಬಿತ್ತು. ಮತ್ತೆ ಪುಳಕ್.

ಅವಳು ಎದ್ದು ಕೂತು ತನ್ನ ಬಂಗಾರದ ಹುಳವನ್ನು ಅಂಗೈಯಲ್ಲಿಟ್ಟುಕೊಂಡಳು. ಹೆಬ್ಬೆರಳಿನಷ್ಟು ದಪ್ಪ, ಮೈಯೆಲ್ಲ ಜರಿ. ಇಂಥ ಹುಳ ಯಾವ ಮರದಲ್ಲಿರುತ್ತದೆ? ಅವಳೇ ಒಮ್ಮೆಯೂ ಕಂಡಿರಲಿಲ್ಲ.

ಜರಿಯನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ಪುಕ್ಕ ಕಿತ್ತಳು. ಹಾಕಿಕೊಂಡಿದ್ದ ಹಳೆಯ ಫ್ರಾಕಿನ ಅಂಚಿನಿಂದ ಕಂದು ದಾರ ಎಳೆದು ಬರಿ ಗಾಳಕ್ಕೆ ಸುತ್ತಿದಳು. ಹಿಂದೊಂದು ಗಂಟು, ಮುಂದೊಂದು ಗಂಟು, ನಡುವೆ ತೆಳ್ಳಗೆ. ಕಾಲುಗಳಿಗೆಂದು ದಾರದ ತುದಿಗಳನ್ನು ಹಾಗೇ ಬಿಟ್ಟಳು. ಒಂಚೂರೂ ಚಂದ ಇರಲಿಲ್ಲ. ಅನಿಷಾ ಖಂಡಿತ ಕೇಳುತ್ತಿರಲಿಲ್ಲ.

ಕೊಂಬೆಯ ಕೆಳಗೇ ಅದನ್ನು ಮೆಲ್ಲಗೆ ಇಳಿಬಿಟ್ಟಳು. ಪುಳಕ್! ಗಡಿಬಿಡಿಯಲ್ಲಿ ಕೋಲನ್ನು ಜೋರಾಗಿ ಎಳೆದಳು. ಮೀನು ತಪ್ಪಿಸಿಕೊಂಡಿತು.

ಎರಡನೇ ಸಲ ಕೋಲಿನ ತುದಿ ಬಾಗಿತು. ಈ ಸಲ ಅವಳು ನಿಧಾನವಾಗಿ ಎತ್ತಿದಳು. ನಡುಬೆರಳಿನಷ್ಟು ಉದ್ದದ ಮೀನು. ಬೆಳ್ಳಿಯ ಮೈ, ಬಾಲದ ಹತ್ತಿರ ಕಪ್ಪು ಚುಕ್ಕೆ.

ಅಜ್ಜ ಎದ್ದು ಬಂದು ಮೀನಿನ ಬಾಯಿಯಿಂದ ಗಾಳ ಬಿಡಿಸಿದರು. ಕಂದು ದಾರದ ಉಂಡೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಕೊಂಬೆಯ ಕಡೆ ನೋಡಿದರು. ಈ ಸಲ ನಗಲಿಲ್ಲ.

"ನಂಗೂ ಒಂದ್ ಕಟ್ಟಿ ಕೊಡ್ತ್ಯಾ ಮಗಾ?"

ಚೇತನಾ ಫ್ರಾಕಿನ ಅಂಚಿಗೆ ಕೈಹಾಕಿದವಳು ಅಲ್ಲಿಗೇ ನಿಲ್ಲಿಸಿದಳು. ಅಜ್ಜ ಕೂರುವ ಕಡೆ ಮರವೇ ಇರಲಿಲ್ಲ. ದಡದ ಉದ್ದಕ್ಕೂ ಬರೀ ಎತ್ತರದ ಹುಲ್ಲು.

"ಸ್ವಲ್ಪ ನಿಲ್ಲಿ ಅಜ್ಜಾ," ಎಂದು ಅವಳು ಹುಲ್ಲಿನ ಕಡೆ ಹೋಗಿ, ಬೋರಲಾಗಿ ಮಲಗಿ, ಅಲ್ಲಿ ನೀರಿಗೆ ಯಾವ ಹುಳ ಬೀಳುತ್ತದೆ ಎಂದು ನೋಡತೊಡಗಿದಳು.